ಆಗಸ್ಟ್ 10ರ ಫಾರ್ವರ್ಡ್ ಮೆಸೇಜು, ಮಾಮನ ಬಾಣಲೆ ಎಣ್ಣೆ

ಇವತ್ತಿನ ಕಥೆ ಎಣ್ಣೆಯದು. ಅದೂ ಮಿರ್ಚಿ ಕರಿದು ಬಾಣಲೆ ತಳದಲ್ಲಿ ಉಳಿಯುತ್ತಲ್ಲ, ಆ ಕಪ್ಪು ಎಣ್ಣೆಯದು.

ಪ್ರತಿ ವರ್ಷ ಆಗಸ್ಟ್ 10ಕ್ಕೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ಮೆಸೇಜ್ ಬರುತ್ತೆ. ವಿಶ್ವ ಜೈವಿಕ ಇಂಧನ ದಿನದ ಶುಭಾಶಯ, 1893ರ ಇದೇ ದಿನ ರುಡಾಲ್ಫ್ ಡೀಸೆಲ್ ಶೇಂಗಾ ಎಣ್ಣೆಯಲ್ಲಿ ಎಂಜಿನ್ ಓಡಿಸಿದ, ಅಂತ. ಕೆಳಗೆ ಎರಡು ಹಸಿರು ಎಲೆ, ಒಂದು ಕೈಮುಗಿದ ಎಮೋಜಿ. ನಾನೂ ಒಂದೆರಡು ಸಲ ಹಾರ್ಟ್ ಒತ್ತಿದೀನಿ, ಸುಳ್ಳು ಹೇಳಲ್ಲ.

ಈ ವರ್ಷ ಹಾರ್ಟ್ ಒತ್ತೋ ಬದಲು ಓದೋಕೆ ಕೂತೆ. ಕಾರಣ ನನ್ನ ಸೋದರಮಾವ. ದಾವಣಗೆರೆಯಲ್ಲಿ ಮಾಮನದೊಂದು ಮಂಡಕ್ಕಿ-ಮಿರ್ಚಿ ಗಾಡಿ ಇದೆ. ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ಕ್ಯಾನ್ ಹಳೇ ಎಣ್ಣೆ ಉಳಿಯುತ್ತೆ. ಅದಕ್ಕೆ ಈಗ ಇಬ್ಬರು ಗಿರಾಕಿ. ಒಬ್ಬ ಸ್ಕೂಟರಲ್ಲಿ ಬಂದು, ರಸೀದಿ ಗಿಸೀದಿ ಏನೂ ಇಲ್ಲದೆ, ಕೈಗೆ ನಗದು ಕೊಟ್ಟು ಒಯ್ತಾನೆ. ಇನ್ನೊಬ್ಬರು ಬಯೋಡೀಸೆಲ್ ಮಾಡೋರ ಕಡೆಯವರು. ಫಾರಂ ತುಂಬಿಸ್ಕೊಳ್ತಾರೆ, ತೂಕ ಹಾಕ್ತಾರೆ, ಆದರೆ ರೇಟು ಕಡಿಮೆ. ಮಾಮ ಫೋನ್ ಮಾಡಿ ಕೇಳಿದ್ದು ಇಷ್ಟೇ: "ನೀನು ಬಿ.ಕಾಂ ಓದೀಯಲ್ಲಪ್ಪ, ಲೆಕ್ಕ ಹೇಳು. ಯಾರಿಗೆ ಕೊಡ್ಲಿ?"

ಸರಿ, ಲೆಕ್ಕ ಶುರು ಮಾಡೋಣ. ಮೊದಲು ಆ ಮೆಸೇಜು.

1893ರ ಆಗಸ್ಟ್ 10ಕ್ಕೆ ಜರ್ಮನಿಯ ಔಗ್ಸ್‌ಬರ್ಗ್‌ನ ಕಾರ್ಖಾನೆಯಲ್ಲಿ ಡೀಸೆಲ್‌ನ ಪ್ರಯೋಗದ ಎಂಜಿನ್ನಲ್ಲಿ ಮೊದಲ ಸಲ ಇಂಧನ ಹೊತ್ತಿಕೊಂಡಿತು, ಅದು ನಿಜ. ಆದರೆ ಆವತ್ತು ಒಳಗೆ ಹಾಕಿದ್ದು ಪೆಟ್ರೋಲು. ಹೊತ್ತಿಕೊಂಡ ರಭಸಕ್ಕೆ ಒತ್ತಡ ಅಳೆಯೋ ಮಾಪಕವೇ ಸಿಡಿದುಹೋಯಿತು. ಎಂಜಿನ್ನು ಜನರಿಗೆ ತೋರಿಸೋ ಹಾಗೆ ಸರಿಯಾಗಿ ಓಡೋಕೆ 1897 ಬರಬೇಕಾಯಿತು. ಶೇಂಗಾ ಎಣ್ಣೆ ಈ ಕಥೆಯೊಳಗೆ ಬರೋದು ಇನ್ನೂ ಮೂರು ವರ್ಷ ಬಿಟ್ಟು, 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ. ಅಲ್ಲಿ ಓಡಿಸಿದ್ದೂ ಡೀಸೆಲ್ ಅಲ್ಲ. ಒಟ್ಟೊ ಅನ್ನೋ ಕಂಪನಿ ಒಂದು ಸಣ್ಣ ಡೀಸೆಲ್ ಎಂಜಿನ್ ತಂದಿಟ್ಟು, ಅದಕ್ಕೆ ಶೇಂಗಾ ಎಣ್ಣೆ ಹಾಕಿ ನಡೆಸಿತು. ಎಷ್ಟು ನಯವಾಗಿ ಓಡಿತು ಅಂದ್ರೆ, ಇದಕ್ಕೆ ಹಾಕಿರೋದು ಅಡುಗೆ ಎಣ್ಣೆ ಅಂತ ನೋಡೋಕೆ ಬಂದವರಲ್ಲಿ ಹೆಚ್ಚಿನವರಿಗೆ ಗೊತ್ತೇ ಆಗಲಿಲ್ಲವಂತೆ. ಇದನ್ನ 1912ರಲ್ಲಿ ಡೀಸೆಲ್ಲೇ ಹೇಳಿಕೊಂಡಿದ್ದಾನೆ. ಮಾರನೇ ವರ್ಷ, 1913ರ ಸೆಪ್ಟೆಂಬರಿನಲ್ಲಿ, ಇಂಗ್ಲೆಂಡಿಗೆ ಹೋಗೋ ಹಡಗಿನಿಂದ ರಾತ್ರೋರಾತ್ರಿ ಕಾಣೆಯಾದ. ಅದು ಬೇರೆ ಎಪಿಸೋಡು, ಅದಕ್ಕೆ ಈಗ ಹೋಗಲ್ಲ.

ನನಗೆ ಹಿಡಿಸಿದ ಪ್ರಶ್ನೆ ಬೇರೆ. 1900ರಲ್ಲಿ ಶೇಂಗಾ ಎಣ್ಣೆ ಯಾಕೆ ಬೇಕಾಯಿತು? ಪರಿಸರ ಉಳಿಸೋಕಾ? ಅಲ್ಲ. ಕೇಳಿದ್ದು ಫ್ರೆಂಚ್ ಸರ್ಕಾರ. ಅದರ ಆಫ್ರಿಕಾದ ವಸಾಹತುಗಳಲ್ಲಿ ಶೇಂಗಾ ಯಥೇಚ್ಛ ಬೆಳೀತಿತ್ತು. ಅಲ್ಲಿನ ಎಂಜಿನ್ನುಗಳು ಅಲ್ಲಿನ ಎಣ್ಣೆಯಲ್ಲೇ ಓಡಿದರೆ ಕಲ್ಲಿದ್ದಲು, ಪೆಟ್ರೋಲಿಯಂ ಹಡಗಲ್ಲಿ ಸಾಗಿಸೋ ಖರ್ಚು ಉಳಿಯುತ್ತೆ. ಅಂದ್ರೆ ಶುದ್ಧ ಸಾಗಣೆ ಲೆಕ್ಕ. ಆ ಎಣ್ಣೆ ಅಲ್ಲಿನ ಜನ ಏನಕ್ಕೆ ಬಳಸ್ತಿದ್ರು ಅನ್ನೋದು ಆ ಲೆಕ್ಕದ ಪುಸ್ತಕದಲ್ಲಿ ಇರಲಿಲ್ಲ.

ಇಲ್ಲಿ ಒಂದು ತಾಂತ್ರಿಕ ತೊಡಕು. ಅಡುಗೆ ಎಣ್ಣೆ ದಪ್ಪ. ಡೀಸೆಲ್‌ಗೆ ಹೋಲಿಸಿದರೆ ಹತ್ತು ಪಟ್ಟಿಗಿಂತ ಜಾಸ್ತಿ ಮಂದ. ಪ್ರದರ್ಶನದಲ್ಲಿ ಒಂದಷ್ಟು ಹೊತ್ತು ಓಡುತ್ತೆ, ನಿಜ. ತಿಂಗಳುಗಟ್ಟಲೆ ಓಡಿಸಿದರೆ ಇಂಜೆಕ್ಟರ್ ಬಾಯಿಗೆ ಮಸಿ ಕಟ್ಟುತ್ತೆ, ಎಂಜಿನ್ ಆಯಿಲ್ ಗಟ್ಟಿಯಾಗುತ್ತೆ. ಎಣ್ಣೆಯನ್ನ ತೆಳು ಮಾಡಬೇಕು. ಅದನ್ನ ಮಾಡೋ ರಸಾಯನ ವಿದ್ಯೆ ಡೀಸೆಲ್ ಹುಟ್ಟೋದಕ್ಕೂ ಮೊದಲೇ ಗೊತ್ತಿತ್ತು! ಅವನು ಹುಟ್ಟಿದ್ದು 1858ರಲ್ಲಿ. ಡಫಿ ಅನ್ನೋ ರಸಾಯನಶಾಸ್ತ್ರಜ್ಞ ಕೊಬ್ಬಿನ ಮೇಲೆ ಈ ಕ್ರಿಯೆ ನಡೆಸಿದ್ದು 1853ರ ಹೊತ್ತಿಗೆ.

ಏನದು? ಕಾಮರ್ಸ್ ಹುಡುಗರ ಭಾಷೆಯಲ್ಲಿ ಹೇಳ್ತೀನಿ, ಕೆಮಿಸ್ಟ್ರಿ ಓದಿದೋರು ಕ್ಷಮಿಸಿ. ಎಣ್ಣೆಯ ಒಂದು ಕಣ ಅಂದ್ರೆ ಒಂದು ತಲೆ, ಮೂರು ಜಡೆ. ತಲೆ ಅಂದ್ರೆ ಗ್ಲಿಸರಿನ್. ಜಡೆಗಳು ಅಂದ್ರೆ ಉದ್ದುದ್ದ ಕೊಬ್ಬಿನ ಆಮ್ಲ. ಮೂರು ಜಡೆ ಹೊತ್ತುಕೊಂಡಿರೋದಕ್ಕೇ ಎಣ್ಣೆ ದಪ್ಪ. ಇದಕ್ಕೆ ಮೆಥನಾಲ್ ಸೇರಿಸಿ, 60 ಡಿಗ್ರಿ ಸುಮಾರಿಗೆ ಬಿಸಿ ಮಾಡಿ ತಿರುಗಿಸಿದರೆ, ಜಡೆಗಳು ಒಂದೊಂದಾಗಿ ಬಿಚ್ಚಿ ಮೆಥನಾಲಿಗೆ ಕಟ್ಟಿಕೊಳ್ತವೆ. ಹಾಗೆ ಬಿಡಿಯಾದ ಜಡೆಯೇ ಬಯೋಡೀಸೆಲ್. ತಲೆ, ಅಂದ್ರೆ ಗ್ಲಿಸರಿನ್, ಭಾರ ಆಗಿರೋದ್ರಿಂದ ಕೆಳಗೆ ಇಳಿದು ಕೂರುತ್ತೆ. 100 ಕೆಜಿ ಎಣ್ಣೆಗೆ ಸುಮಾರು 11 ಕೆಜಿ ಮೆಥನಾಲ್ ಕರಗಿ, 100 ಕೆಜಿ ಹತ್ತಿರ ಬಯೋಡೀಸೆಲ್, ಹತ್ತು-ಹನ್ನೊಂದು ಕೆಜಿ ಗ್ಲಿಸರಿನ್ ಬರುತ್ತೆ. ಆದರೆ ಎಣ್ಣೆ ಮತ್ತು ಮೆಥನಾಲ್ ತಾವಾಗೇ ಕೈ ಕುಲುಕಲ್ಲ. ಮಧ್ಯೆ ಒಬ್ಬ ದಲ್ಲಾಳಿ ಬೇಕು. ಶಾಲೆ ಪುಸ್ತಕದಲ್ಲಿ ಕ್ರಿಯಾವರ್ಧಕ ಅಂತಾರೆ, ನಾವು ಕ್ಯಾಟಲಿಸ್ಟ್ ಅನ್ನೋಣ. ಸಾಮಾನ್ಯವಾಗಿ ಕಾಸ್ಟಿಕ್ ಸೋಡಾ ಅಥವಾ ಅದರ ತಮ್ಮ ಕಾಸ್ಟಿಕ್ ಪೊಟ್ಯಾಷ್.

(ಯೂಟ್ಯೂಬ್ ನೋಡಿ ಮನೇಲಿ ಟ್ರೈ ಮಾಡ್ಬೇಡಿ. ಮೆಥನಾಲ್ ಅಂದ್ರೆ ಕಳ್ಳಬಟ್ಟಿ ದುರಂತಗಳಲ್ಲಿ ಜನರ ಕಣ್ಣು, ಜೀವ ತೆಗೀತಲ್ಲ, ಅದೇ. ಬೆಂಕಿಯೂ ಬೇಗ ಹಿಡಿಯುತ್ತೆ.)

ಈ ವಿದ್ಯೆಯನ್ನ ಎಂಜಿನ್ನಿಗೆ ಜೋಡಿಸಿದ್ದು ಬೆಲ್ಜಿಯಂನವರು. ಬ್ರಸೆಲ್ಸ್ ವಿಶ್ವವಿದ್ಯಾಲಯದ ಜಿ. ಶವಾನ್ 1937ರ ಆಗಸ್ಟ್ 31ಕ್ಕೆ ಪೇಟೆಂಟ್ ಪಡೆದರು, ನಂಬರ್ 422877. ತಾಳೆ ಎಣ್ಣೆಯನ್ನ ಹೀಗೆ ಬಿಡಿಸಿ ಇಂಧನವಾಗಿ ಬಳಸೋದು. 1938ರ ಬೇಸಿಗೆಯಲ್ಲಿ ಬ್ರಸೆಲ್ಸ್‌ನಿಂದ ಲೂವೆನ್‌ವರೆಗೆ ಒಂದು ಸಿಟಿ ಬಸ್ಸು ಇದರಲ್ಲೇ ಓಡಿತು. ತಾಳೆ ಎಣ್ಣೆ ಎಲ್ಲಿಂದ ಬಂತು ಅಂತೀರಾ? ಬೆಲ್ಜಿಯಂ ಆಗ ಕಾಂಗೋ ಆಳ್ತಿತ್ತು. ಮತ್ತೆ ಅದೇ ವಸಾಹತಿನ ಲೆಕ್ಕ. ಫ್ಯಾಮಿಲಿ ಗ್ರೂಪಲ್ಲಿ ದಿನ ಆಚರಿಸಲೇಬೇಕು ಅಂದ್ರೆ ನನ್ನ ಪ್ರಕಾರ ಆಗಸ್ಟ್ 31 ಸರಿಯಾದ ದಿನ. ಯಾರೂ ಒಪ್ಪಲ್ಲ ಬಿಡಿ.

ಆಮೇಲೆ ಯುದ್ಧ. ಯುದ್ಧ ಅಂದ್ರೆ ಪೆಟ್ರೋಲ್ ಇಲ್ಲ. ನಮ್ಮ ಕಡೆ ಆಗ ಬಸ್ಸಿನ ಹಿಂದೆ ಒಲೆ ಕಟ್ಟಿ ಇದ್ದಿಲು ಗ್ಯಾಸಲ್ಲಿ ಓಡಿಸ್ತಿದ್ರು, ಮನೆ ಹಿರಿಯರು ಹೇಳಿರಬಹುದು. ಭಾರತದ ಎಣ್ಣೆಗಳನ್ನ ಡೀಸೆಲ್ ಎಂಜಿನ್ನಿಗೆ ಹಾಕಿ ನೋಡಿದ ಪರೀಕ್ಷೆಗಳ ಬಗ್ಗೆ ಪ್ರಬಂಧ ಬಂದಿದ್ದೂ 1942ರಲ್ಲೇ. ಯುದ್ಧ ಮುಗೀತು, ಪೆಟ್ರೋಲಿಯಂ ಅಗ್ಗ ಆಯ್ತು, ಎಲ್ಲಾ ಫೈಲು ಕಪಾಟಿಗೆ. 1973ರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದವು, ಮತ್ತೆ ಕಪಾಟು ತೆಗೆದರು. ದಕ್ಷಿಣ ಆಫ್ರಿಕಾದಲ್ಲಿ ಸೂರ್ಯಕಾಂತಿ, ಆಸ್ಟ್ರಿಯಾದಲ್ಲಿ ಸಾಸಿವೆ ಜಾತಿಯ ರೇಪ್‌ಸೀಡ್.

ಆಸ್ಟ್ರಿಯಾದಲ್ಲಿ ಒಂದು ನಿಮಿಷ ನಿಲ್ಲೋಣ, ಮಾಮನ ಬಾಣಲೆ ಅಲ್ಲೇ ಕಥೆಗೆ ಬರೋದು. ಗ್ರಾತ್ಸ್ ಅನ್ನೋ ಊರಿನ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಮಿಟ್ಟೆಲ್‌ಬಾಖ್ ಅನ್ನೋ ಪ್ರೊಫೆಸರ್ 1980ರ ದಶಕದಲ್ಲೇ, ಹೊಸ ಎಣ್ಣೆ ಜೊತೆಗೆ ಹೋಟೆಲುಗಳಲ್ಲಿ ಕರಿದು ಉಳಿದ ಎಣ್ಣೆಯಿಂದಲೂ ಬಯೋಡೀಸೆಲ್ ಮಾಡೋ ಕೆಲಸಕ್ಕೆ ಕೈ ಹಾಕಿದರು. 1990ರ ದಶಕದಲ್ಲಿ ಗ್ರಾತ್ಸ್‌ನ ಸಿಟಿ ಬಸ್ಸುಗಳು ಊರಿನದೇ ಕರಿದ ಎಣ್ಣೆಯಲ್ಲಿ ಓಡತೊಡಗಿದವು. ಊಟದ ಎಣ್ಣೆ ಕಿತ್ತುಕೊಂಡು ಗಾಡಿಗೆ ಹಾಕೋದಲ್ಲ. ಊಟ ಮುಗಿದ ಮೇಲೆ ಉಳಿದದ್ದನ್ನ ಹಾಕೋದು. 1900ರಿಂದ ಇದ್ದ ಆ ಶೇಂಗಾ ಪ್ರಶ್ನೆಗೆ ನನಗೆ ಸಿಕ್ಕ ಮೊದಲ ಮರ್ಯಾದಸ್ಥ ಉತ್ತರ ಇದು.

ಆದರೆ ಕರಿದ ಎಣ್ಣೆ ಸುಲಭಕ್ಕೆ ಬಗ್ಗಲ್ಲ. ಮೆಣಸಿನಕಾಯಿಯ ನೀರು, ಹಿಟ್ಟಿನ ತೇವ, ಗಂಟೆಗಟ್ಟಲೆ ಬೆಂಕಿ. ಇವೆಲ್ಲ ಸೇರಿ ಕೆಲವು ಜಡೆಗಳನ್ನ ಮೊದಲೇ ಕಿತ್ತು ಹಾಕಿರ್ತವೆ. ಆ ಬಿಡಿ ಆಮ್ಲಕ್ಕೆ ಕಾಸ್ಟಿಕ್ ಸೋಡಾ ತಾಗಿದರೆ ಏನಾಗುತ್ತೆ? ಸೋಪು! ಬಯೋಡೀಸೆಲ್ ಮಾಡೋಕೆ ಹೋಗಿ ಡ್ರಮ್ಮಿನ ತುಂಬ ಸೋಪಿನ ಗಂಜಿ. ಅದನ್ನ ಬೇರ್ಪಡಿಸೋಕೆ ನೀರಲ್ಲಿ ತೊಳೀಬೇಕು, ಮತ್ತೆ ತೊಳೀಬೇಕು, ಆ ಕೊಳಕು ನೀರನ್ನ ಎಲ್ಲಿ ಬಿಡೋದು ಅನ್ನೋದು ಇನ್ನೊಂದು ತಲೆನೋವು. ಮತ್ತೆ ಆ ಕಾಸ್ಟಿಕ್ ಸೋಡಾ ತೊಳೆದ ನೀರಲ್ಲಿ ಹೋದರೆ ಹೋಯ್ತು, ವಾಪಸ್ ಸಿಗಲ್ಲ.

ಇದಕ್ಕೆ ಒಂದು ದಾರಿ, ಕರಗದೇ ಉಳಿಯೋ ಗಟ್ಟಿ ಪುಡಿಯನ್ನ ಕ್ಯಾಟಲಿಸ್ಟ್ ಮಾಡೋದು. ಕೆಲಸ ಆದ ಮೇಲೆ ಸೋಸಿ ತೆಗೆದು ಮತ್ತೆ ಬಳಸಬಹುದು. ಆ ಪುಡಿ ಯಾವುದು ಅಂತ ಹುಡುಕ್ತಾ ಹೋದ ವಿಜ್ಞಾನಿಗಳು ಬಂದು ನಿಂತಿದ್ದು ಎಲ್ಲಿ ಗೊತ್ತಾ? ಕಸದ ಬುಟ್ಟಿ ಮುಂದೆ. ಸುಮಾರು 2009, 2010ರ ಹೊತ್ತಿಗೆ ಒಂದರ ಹಿಂದೆ ಒಂದು ಪ್ರಬಂಧ. ಚೀನಾದಲ್ಲಿ ಮೊಟ್ಟೆ ಚಿಪ್ಪು. ಜಪಾನಿನಲ್ಲಿ ಸಿಂಪಿ ಚಿಪ್ಪು. ಮಲೇಷ್ಯಾದಲ್ಲಿ ಏಡಿ ಚಿಪ್ಪು. ಇವೆಲ್ಲದರಲ್ಲೂ ಇರೋದು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. 800-900 ಡಿಗ್ರಿಯಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತೆ, 100 ಗ್ರಾಂಗೆ 56 ಗ್ರಾಂ. ಆ ಸುಣ್ಣವೇ ಕ್ಯಾಟಲಿಸ್ಟ್. ಬನಾರಸ್ ಹಿಂದೂ ವಿಶ್ವವಿದ್ಯಾಲಯದವರು 2010ರಲ್ಲಿ ಕೋಳಿಮೊಟ್ಟೆ ಚಿಪ್ಪಿನ ಸುಣ್ಣದಿಂದ ಬಯೋಡೀಸೆಲ್ ಮಾಡಿದ್ದು ಯಾವ ಎಣ್ಣೆಯಿಂದ ಅಂದ್ರೆ ಕರಂಜ. ನಮ್ಮ ಹೊಂಗೆ.

ಇದನ್ನ ಓದುವಾಗ ನನಗೆ ನಗು ಬಂತು. ನಮ್ಮ ಕರಾವಳಿಯಲ್ಲಿ ಚಿಪ್ಪಿ ಸುಣ್ಣ ಸುಡೋ ಗೂಡುಗಳು ಎಷ್ಟು ಕಾಲದಿಂದ ಇಲ್ಲ? ಅಘನಾಶಿನಿ ಅಳಿವೆಯ ಚಿಪ್ಪು ಒಟ್ಟುಮಾಡಿ, ಗೂಡಿನಲ್ಲಿ ಸುಟ್ಟು, ಗೋಡೆಗೆ, ವೀಳ್ಯಕ್ಕೆ ಸುಣ್ಣ ಮಾಡ್ತಿದ್ದ ಜನ ಮಾಡ್ತಿದ್ದ ಮೊದಲ ಹೆಜ್ಜೆಯೂ ಲ್ಯಾಬಿನ ಕುಲುಮೆಯ ಮೊದಲ ಹೆಜ್ಜೆಯೂ ಒಂದೇ. ಅವರು ಅದಕ್ಕೆ ನೀರು ಹಾಕಿ ಅರಳಿಸ್ತಿದ್ರು, ಇವರು ನೀರು ತಾಗದ ಹಾಗೆ ಮುಚ್ಚಿಡ್ತಾರೆ. ವ್ಯತ್ಯಾಸ ಅಷ್ಟು.

ಅಸ್ಸಾಂ ಕಥೆ ಇನ್ನೂ ಚೆನ್ನಾಗಿದೆ. ಅಲ್ಲಿ 'ಕೊಲಾಖಾರ್' ಅಂತ ಇದೆ. ಭೀಮ್‌ಕೊಲ್ ಅನ್ನೋ ಬೀಜದ ಬಾಳೆಯ ದಿಂಡು, ಸಿಪ್ಪೆ ಒಣಗಿಸಿ ಸುಟ್ಟು, ಬೂದಿಗೆ ನೀರು ಹಾಕಿ ಸೋಸ್ತಾರೆ. ಆ ನೀರು ಅಡುಗೆಗೂ ಆಗುತ್ತೆ, ಬಟ್ಟೆ ಒಗೆಯೋಕೂ ಆಗುತ್ತೆ. ಗುವಾಹಟಿ ವಿಶ್ವವಿದ್ಯಾಲಯದ ಡಿ.ಸಿ. ಡೇಕಾ ಮೊದಲು ಈ ಖಾರ್‌ನಲ್ಲಿ ಏನಿದೆ ಅಂತ ನೋಡಿದರು. ಪೊಟ್ಯಾಷಿಯಂ ಕಾರ್ಬೊನೇಟ್ ತುಂಬ ಇತ್ತು. 2011ರಲ್ಲಿ ಅವರೂ ಸಂಜಯ್ ಬಸುಮತಾರಿಯೂ ಸೇರಿ ಅದೇ ಬಾಳೆ ಬೂದಿಯನ್ನ ಕ್ಯಾಟಲಿಸ್ಟ್ ಮಾಡಿ, ಹಳದಿ ಕಣಗಿಲೆ ಬೀಜದ ಎಣ್ಣೆಯಿಂದ ಬಯೋಡೀಸೆಲ್ ಮಾಡಿದ್ದನ್ನ ಪ್ರಕಟಿಸಿದರು. ಅಡುಗೆಮನೆಯ ಖಾರ್, ಬೇಲಿಯ ವಿಷದ ಬೀಜ. ನಮ್ಮಜ್ಜಿ ಜಿಡ್ಡಿನ ಬಾಣಲೆಗೆ ಒಲೆ ಬೂದಿ ಹಾಕಿ ತಿಕ್ಕುವಾಗ ಅಲ್ಲಿ ನಡೀತಿದ್ದದ್ದೂ ಇದರ ಚಿಕ್ಕಪ್ಪನ ಮಗನಂಥ ಕ್ರಿಯೆ: ಬೂದಿಯ ಕ್ಷಾರ, ಹಳೇ ಎಣ್ಣೆಯ ಆಮ್ಲ, ಒಂಚೂರು ಸೋಪು.

ಇಲ್ಲಿಗೆ ನಿಲ್ಲಿಸಿದರೆ ಒಳ್ಳೇ ರೀಲ್ ಆಗುತ್ತೆ. 'ಮೊಟ್ಟೆ ಚಿಪ್ಪು ಪ್ಲಸ್ ಬೋಂಡಾ ಎಣ್ಣೆ ಅಂದ್ರೆ ಫ್ರೀ ಡೀಸೆಲ್!' ಲಕ್ಷ ವ್ಯೂ ಗ್ಯಾರಂಟಿ. ಆದರೆ ಬ್ಯಾಲೆನ್ಸ್ ಶೀಟಿನಲ್ಲಿ ಎಡಗಡೆಯೂ ಇರುತ್ತಲ್ಲ. ಒಂದು, ಸುಣ್ಣವೂ ಕ್ಷಾರವೇ. ಕರಿದ ಎಣ್ಣೆಯಲ್ಲಿ ಬಿಡಿ ಆಮ್ಲ ಜಾಸ್ತಿ ಇದ್ದರೆ ಅದೂ ಸೋಪು ಕಟ್ಟುತ್ತೆ, ಕ್ಯಾಲ್ಸಿಯಂ ಸೋಪು. ಹಾಗಾಗಿ ಮೊದಲು ಆಸಿಡ್ ಹಾಕಿ ಆ ಆಮ್ಲವನ್ನ ಇಳಿಸಬೇಕು. ಈ ಕೆಲಸಕ್ಕೆ ಜಪಾನಿನವರು ಸಕ್ಕರೆಯನ್ನ ಅರೆಸುಟ್ಟು ಗಂಧಕಾಮ್ಲ ಸೇರಿಸಿ ಗಟ್ಟಿ ಆಸಿಡ್ ಪುಡಿ ಮಾಡಿದ್ದು 2005ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಇನ್ನೊಂದು, ಸುಣ್ಣ ಅಲ್ಪಸ್ವಲ್ಪ ಕರಗುತ್ತೆ, ಸಲದಿಂದ ಸಲಕ್ಕೆ ಸುಸ್ತಾಗುತ್ತೆ. ಗಾಳಿಗಿಟ್ಟರೆ ತೇವ, ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಚಿಪ್ಪಿನ ಗುಣಕ್ಕೇ ವಾಪಸ್. ಗೋಡೆಗೆ ಬಳಿದ ಸುಣ್ಣ ಗಟ್ಟಿಯಾಗೋದು ಇದರಿಂದಲೇ. ಬಾಳೆ ಬೂದಿಯ ಪೊಟ್ಯಾಷಿಯಂ ಅಂತೂ ಇನ್ನೂ ಬೇಗ ಕರಗಿ ಹೋಗುತ್ತೆ. ಮತ್ತೆ 900 ಡಿಗ್ರಿ ಕುಲುಮೆ ಪುಕ್ಕಟೆ ಉರಿಯಲ್ಲ. ದೊಡ್ಡ ಕಾರ್ಖಾನೆಗಳು ಇವತ್ತಿಗೂ ಹೆಚ್ಚಾಗಿ ಸೋಡಿಯಂ ಮೆಥಾಕ್ಸೈಡನ್ನೇ ನೆಚ್ಚಿಕೊಂಡಿರೋದಕ್ಕೆ ಇವೇ ಕಾರಣ.

ಎಲ್ಲಕ್ಕಿಂತ ದೊಡ್ಡದು ಎಣ್ಣೆಯ ರೇಟು. ಬಯೋಡೀಸೆಲ್‌ನ ಒಟ್ಟು ಖರ್ಚಿನಲ್ಲಿ ಎಣ್ಣೆಯದೇ ನೂರಕ್ಕೆ 70ರಿಂದ 80 ಅಂತ ಸಾಮಾನ್ಯವಾಗಿ ಲೆಕ್ಕ ಹಾಕ್ತಾರೆ. ಕ್ಯಾಟಲಿಸ್ಟಿನ ಬೆಲೆ ಅದರ ಮುಂದೆ ಚಿಲ್ಲರೆ. ಕಸದ ಕ್ಯಾಟಲಿಸ್ಟ್ ಉಳಿಸೋದು ತೊಳೆಯೋ ನೀರನ್ನ, ಸೋಪಾಗಿ ಹಾಳಾಗೋ ಎಣ್ಣೆಯನ್ನ. ಅದು ಒಳ್ಳೇದೇ. ಆದರೆ ಆಟ ಗೆಲ್ಲಿಸೋದು ಅದಲ್ಲ.

ನಮ್ಮ ದೇಶ ಈ ಆಟದಲ್ಲಿ ಒಂದು ಸಲ ಸೋತಿದೆ. 2003ರಲ್ಲಿ ಯೋಜನಾ ಆಯೋಗದ ಸಮಿತಿ ಜಟ್ರೋಫಾ, ಅಂದ್ರೆ ಕಾಡುಹರಳು, ಬೆಳೀರಿ ಅಂತು. 2009ರ ರಾಷ್ಟ್ರೀಯ ನೀತಿ 2017ಕ್ಕೆ ಶೇ 20 ಮಿಶ್ರಣದ ಗುರಿ ಇಟ್ಟಿತು. ಪಾಳು ಜಮೀನಿನಲ್ಲಿ ನೀರಿಲ್ಲದೆ ಹುಲುಸಾಗಿ ಬೆಳೆಯುತ್ತೆ ಅಂದದ್ದು ಬೆಳೀಲಿಲ್ಲ, ಶೇ 1ರ ಹತ್ತಿರಕ್ಕೂ ಹೋಗಲಿಲ್ಲ. ಕರ್ನಾಟಕದ ಬುದ್ಧಿ ಸ್ವಲ್ಪ ಬೇರೆ ಇತ್ತು: ಹೊಸ ಗಿಡ ತರೋ ಬದಲು ಹೊಲದ ಬದುವಿನ ಹೊಂಗೆಯನ್ನೇ ನೋಡಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಕಗ್ಗನಹಳ್ಳಿ ಕಡೆ ಹೊಂಗೆ ಎಣ್ಣೆಯಲ್ಲಿ ಜನರೇಟರ್ ಓಡಿಸಿ ಕರೆಂಟು ಕೊಟ್ಟಿದ್ದು, ಹಾಸನದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕು ಶುರುವಾಗಿದ್ದು ಆ ದಾರಿಯಲ್ಲೇ. ಹೊಂಗೆಗೆ ಒಂದು ಪೂರಾ ಎಪಿಸೋಡ್ ಬಾಕಿ ಇದೆ, ಬರೆದಿಟ್ಟುಕೊಳ್ಳಿ.

2018ರಲ್ಲಿ ಸರ್ಕಾರದ ಕಣ್ಣು ಬಾಣಲೆ ಮೇಲೆ ಬಿತ್ತು. ಹೊಸ ನೀತಿಯಲ್ಲಿ ಗುರಿ ಇಳಿದು, 2030ಕ್ಕೆ ಡೀಸೆಲ್‌ನಲ್ಲಿ ಶೇ 5 ಬಯೋಡೀಸೆಲ್ ಆಯಿತು. ಆ ಜುಲೈ 1ರಿಂದ ಎಫ್‌ಎಸ್‌ಎಸ್‌ಎಐ ನಿಯಮ: ಎಣ್ಣೆಯಲ್ಲಿ 'ಟೋಟಲ್ ಪೋಲಾರ್ ಕಾಂಪೌಂಡ್ಸ್', ಅಂದ್ರೆ ಕರಿದೂ ಕರಿದೂ ಹುಟ್ಟೋ ಕೆಟ್ಟ ವಸ್ತುಗಳು, ಶೇ 25 ದಾಟಿದರೆ ಅದರಲ್ಲಿ ತಿಂಡಿ ಮಾಡಬಾರದು. ಆಗಸ್ಟ್ 10ಕ್ಕೆ, ಹೌದು ಅದೇ ಆಗಸ್ಟ್ 10, 'ರೂಕೋ' ಅನ್ನೋ ಯೋಜನೆ: ಬಳಸಿದ ಎಣ್ಣೆ ಒಟ್ಟುಮಾಡಿ ಬಯೋಡೀಸೆಲ್ ಮಾಡೋದು. ಮುಂದಿನ ವರ್ಷ ಅದೇ ದಿನ ಸರ್ಕಾರಿ ತೈಲ ಕಂಪನಿಗಳು 100 ನಗರಗಳಲ್ಲಿ ಇಂಥ ಬಯೋಡೀಸೆಲ್ ಕೊಳ್ಳೋಕೆ ಮುಂದೆ ಬಂದವು. ರೇಟು ಲೀಟರಿಗೆ ಮೊದಲ ವರ್ಷ 51 ರೂಪಾಯಿ, ಆಮೇಲೆ 52.70, ಆಮೇಲೆ 54.50.

ಈಗ ಮಾಮನ ಲೆಕ್ಕ. 51ರಲ್ಲಿ ಮುಕ್ಕಾಲು ಭಾಗ ಎಣ್ಣೆಗೆ ಅಂತ ಇಟ್ಟುಕೊಳ್ಳಿ, ಸುಮಾರು 38 ರೂಪಾಯಿ. ಒಂದು ಪೈಸೆ ಲಾಭ ಇಲ್ಲದಿದ್ದರೂ ಕಾರ್ಖಾನೆ ಬಾಗಿಲಿಗೆ ಲೀಟರ್ ಎಣ್ಣೆ 38ರೊಳಗೆ ಬರಬೇಕು. ಅದರಲ್ಲೇ ಗಾಡಿಗಾಡಿ ಸುತ್ತೋ ವ್ಯಾನಿನ ಡೀಸೆಲ್ಲು, ಹುಡುಗನ ಸಂಬಳ, ಎಣ್ಣೆಯ ತಳದ ಗಸಿ ಕಳೆದ ನಷ್ಟ. ಮಾಮನ ಕೈಗೆ ಎಷ್ಟು ಉಳಿಯುತ್ತೆ ನೀವೇ ಹೇಳಿ. ಆ ಕಡೆ 2021ರಲ್ಲಿ ಅಂಗಡಿಯಲ್ಲಿ ಸೂರ್ಯಕಾಂತಿ ಎಣ್ಣೆ 150 ದಾಟಿತ್ತು. ಹೊಸದು 150 ಆದಾಗ, ಸೋಸಿ ಬಣ್ಣ ತಿಳಿ ಮಾಡಿದ ಹಳೇ ಎಣ್ಣೆ ಅರ್ಧ ರೇಟಿಗೆ ಸಿಕ್ಕರೂ ಇನ್ನೊಂದು ಬಾಣಲೆಗೆ ಅದು ಅಗ್ಗವೇ. ಸ್ಕೂಟರ್ ಗಿರಾಕಿ ಜಾಸ್ತಿ ಕೊಡೋಕೆ ಆಗೋದು ಹೇಗೆ ಅಂತ ಈಗ ಗೊತ್ತಾಯ್ತಲ್ಲ. ಅವನ ಎಣ್ಣೆ ಎಂಜಿನ್ನಿಗೆ ಹೋಗಲೇಬೇಕು ಅಂತಿಲ್ಲ. ಮತ್ತೆ ದಿನಕ್ಕೆ 50 ಲೀಟರ್ ಮೇಲೆ ಬಳಸೋ ಹೋಟೆಲಿನವರು ಎಣ್ಣೆಯ ರಿಜಿಸ್ಟರ್ ಇಡಬೇಕು ಅಂತ ನಿಯಮ ಇದೆ. ಮಾಮನ ಗಾಡಿ ಅಷ್ಟು ಬಳಸಲ್ಲ. ರಸ್ತೆಬದಿ ಗಾಡಿಗಳಲ್ಲಿ ಎಷ್ಟು ಬಳಸ್ತಾವೆ?

ಇದನ್ನೆಲ್ಲ ಫೋನಲ್ಲಿ ಮಾಮನಿಗೆ ಹೇಳಿದೆ. ಡೀಸೆಲ್, ಬೆಲ್ಜಿಯಂ ಎಲ್ಲಾ ಬಿಟ್ಟು, ಕೊನೇ ಭಾಗ ಮಾತ್ರ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಂದ್ರೆ ನಾ ಕೊಟ್ಟ ಎಣ್ಣಿ ಮತ್ತೆ ಯಾವ್ದೋ ಹುಡುಗ್ರ ಹೊಟ್ಟಿಗೇ ಹೋಗ್ತದ ಅಂತೀಯ?" ಹೋಗಬಹುದು ಮಾಮ, ಹೋಗಲ್ಲ ಅಂತ ಹೇಳೋಕೆ ಕಾಗದ ಇಲ್ಲ, ಅಂದೆ. "ಹಂಗಾರ ಕಮ್ಮಿ ರೊಕ್ಕಕ್ಕ ಕೊಡು ಅಂತೀಯ?" ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಕಡಿಮೆ ರೊಕ್ಕ ನನ್ನದಲ್ಲ, ಅವನದು.

ಹೋದ ವಾರ ಊರಿಗೆ ಹೋದಾಗ ಗಾಡಿ ಹಿಂದೆ ಒಂದು ನೀಲಿ ಡ್ರಮ್ ನಿಂತಿತ್ತು. ಅಕ್ಕಪಕ್ಕದ ನಾಲ್ಕು ಗಾಡಿಯವರ ಎಣ್ಣೆ ಒಟ್ಟಿಗೆ ಅದರಲ್ಲಿ. ಒಂದೊಂದು ಕ್ಯಾನಿಗೆ ವ್ಯಾನ್ ತಿರುಗೋ ಬದಲು ಒಂದೇ ಕಡೆ ಡ್ರಮ್ ತುಂಬ ಸಿಕ್ಕರೆ ರೇಟು ಸ್ವಲ್ಪ ಏರಿಸ್ತೀವಿ ಅಂತ ಬಯೋಡೀಸೆಲ್ ಕಡೆಯವರು ಒಪ್ಪಿದ್ದಾರಂತೆ. ಈ ಉಪಾಯ ನನ್ನದಲ್ಲ, ಮಾಮನದೇ. ಸ್ಕೂಟರ್‌ನವನು ಕೊಡ್ತಿದ್ದಷ್ಟು ಈಗಲೂ ಬರಲ್ಲ. ಐದನೇ ಗಾಡಿಯವನು ಡ್ರಮ್ಮಿಗೆ ಸೇರಿಲ್ಲ, ಅವನಿಗೆ ಮಗಳ ಫೀಸ್ ಕಟ್ಟೋದಿದೆ.

ಇವತ್ತಿಗೆ ಇಷ್ಟು. ಕುಮಟಾ, ಕುಂದಾಪುರ ಕಡೆ ನಿಮ್ಮ ಮನೆಯ ಹಿರಿಯರು ಯಾರಾದರೂ ಸುಣ್ಣದ ಗೂಡಿನಲ್ಲಿ ಕೆಲಸ ಮಾಡಿದ್ದರೆ, ಚಿಪ್ಪು ಎಷ್ಟು ಹೊತ್ತು ಸುಡ್ತಿದ್ರು, ಬೆಂದಿದೆ ಅಂತ ಹೇಗೆ ಗೊತ್ತಾಗ್ತಿತ್ತು ಅಂತ ಕೇಳಿ ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.